ಲಿನಕ್ಸ್ ಕರ್ನಲ್‌ನೊಳಗೆ ಎನ್‌ಕ್ರಿಪ್ಶನ್: ಡ್ರೈವರ್ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಲ್ ಮಾಡ್ಯೂಲ್ ಬರೆಯಲು ಶುರುಮಾಡಿದ ಕಿರಿಯ ಸಹೋದ್ಯೋಗಿಗಳು ನನ್ನನ್ನು ಕೇಳಿದ ಪ್ರಶ್ನೆಗಳು ಇಲ್ಲಿವೆ. ಇವುಗಳಲ್ಲಿ ಹಲವನ್ನು ಒಂದು ಕಾಲಕ್ಕೆ ನಾನೂ ಹಿರಿಯರ ಮುಂದೆ ಇಟ್ಟಿದ್ದೆ. ನಿಮಗೆ ಸಿ ಭಾಷೆ ಬರುತ್ತದೆ, ಒಂದು ಪುಟ್ಟ ಮಾಡ್ಯೂಲನ್ನಾದರೂ ಬರೆದು ಲೋಡ್ ಮಾಡಿ ನೋಡಿದ್ದೀರಿ ಎಂದುಕೊಂಡು ಉತ್ತರಿಸಿದ್ದೇನೆ. ಫಂಕ್ಷನ್‌ಗಳ ಹೆಸರುಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆಯೇ ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ಕರ್ನಲ್ ಸೋರ್ಸ್‌ನಲ್ಲಿ ಅದೇ ಉಚ್ಚಾರಣೆಯ ಹೆಸರು ಹುಡುಕಿದರೆ ಸಿಗುತ್ತದೆ.

ಶುರುವಿನಲ್ಲೇ ಒಂದು ಮಾತು. ಈ ಕೆಲಸದಲ್ಲಿ ಗಣಿತ ಕೈಕೊಡುವುದು ತೀರಾ ಅಪರೂಪ. ಈ ಬಫರ್ ಯಾರದ್ದು, ಅದು ಎಲ್ಲಿಯವರೆಗೆ ಬದುಕಿರಬೇಕು, ಈ ಸಾಲು ಓಡುವಾಗ ನಿದ್ದೆಗೆ ಜಾರಬಹುದೇ, ಕೆಲಸ ಮುಗಿಯಿತೆಂದು ಯಾರು ಹೇಳುತ್ತಾರೆ: ನಾನು ನೋಡಿದ ಬಗ್‌ಗಳೆಲ್ಲ ಈ ನಾಲ್ಕರ ಸುತ್ತಲೇ ಇದ್ದವು. ಹಾಗಾಗಿ ಇಲ್ಲಿನ ಉದ್ದನೆಯ ಉತ್ತರಗಳೂ ಅವುಗಳದ್ದೇ.

ಓಪನ್‌ಎಸ್‌ಎಸ್‌ಎಲ್ ಇರುವಾಗ ಕರ್ನಲ್‌ಗೆ ತನ್ನದೇ ಕ್ರಿಪ್ಟೋ ಯಾಕೆ?

ಓಪನ್‌ಎಸ್‌ಎಸ್‌ಎಲ್ ಯೂಸರ್‌ಸ್ಪೇಸ್‌ನ, ಅಂದರೆ ಸಾಮಾನ್ಯ ಪ್ರೋಗ್ರಾಮ್‌ಗಳು ಬಳಸುವ, ಕ್ರಿಪ್ಟೋ ಲೈಬ್ರರಿ. ಅದು ಕರ್ನಲ್‌ನೊಳಗೆ ಓಡುವುದಿಲ್ಲ. ಅಲ್ಲಿ ಸಿ ಲೈಬ್ರರಿ ಇಲ್ಲ, ಮ್ಯಾಲಾಕ್ ಇಲ್ಲ. 64 ಬಿಟ್ ಇಂಟೆಲ್ ಯಂತ್ರದಲ್ಲಿ ಒಂದು ಥ್ರೆಡ್‌ಗೆ ಸಿಗುವ ಸ್ಟ್ಯಾಕ್ ಬರೀ 16 ಕಿಲೋಬೈಟ್. ನೆಟ್‌ವರ್ಕ್ ಪ್ಯಾಕೆಟ್ ಬಂದಾಗ ಇಂಟರಪ್ಟ್‌ನ ಬೆನ್ನಿಗೇ ಓಡುವ ಕೋಡ್‌ಗೆ ಕಾಯುವ ಹಕ್ಕೂ ಇಲ್ಲ.

ಹಾಗಾಗಿ ಕರ್ನಲ್ ತನ್ನದೇ ಕ್ರಿಪ್ಟೋ ಎಪಿಐ ಇಟ್ಟುಕೊಂಡಿದೆ. 2002ರಲ್ಲಿ 2.5.45 ಆವೃತ್ತಿಗೆ ಇದು ಸೇರಿತು. ಜೇಮ್ಸ್ ಮಾರಿಸ್ ಮತ್ತು ಡೇವಿಡ್ ಮಿಲ್ಲರ್ ಮೊದಲ ರೂಪ ಕೊಟ್ಟವರಲ್ಲಿ ಪ್ರಮುಖರು. ಆಮೇಲೆ ಹರ್ಬರ್ಟ್ ಶು ವರ್ಷಾನುಗಟ್ಟಲೆ ಅದನ್ನು ನೋಡಿಕೊಂಡು ಬಂದಿದ್ದಾರೆ. ಇಂದು ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಡಿಎಂ-ಕ್ರಿಪ್ಟ್, ಫೈಲ್‌ಸಿಸ್ಟಮ್ ಮಟ್ಟದ ಎಫ್‌ಎಸ್‌ಕ್ರಿಪ್ಟ್, ನೆಟ್‌ವರ್ಕ್ ಪ್ಯಾಕೆಟ್‌ಗಳನ್ನು ಕಾಯುವ ಐಪಿಸೆಕ್, 4.13ರಲ್ಲಿ ಬಂದ ಕರ್ನಲ್ ಟಿಎಲ್‌ಎಸ್, ಮಾಡ್ಯೂಲ್‌ಗಳ ಸಹಿ ಪರಿಶೀಲನೆ ಎಲ್ಲವೂ ಇದರ ಮೇಲೆ ನಿಂತಿವೆ.

ನನ್ನ ಕೆಲಸಕ್ಕೆ ಕರ್ನಲ್‌ನೊಳಗೇ ಎನ್‌ಕ್ರಿಪ್ಟ್ ಮಾಡಬೇಕೇ?

ಡೇಟಾ ಹುಟ್ಟುವುದೂ ಸೇರುವುದೂ ಯೂಸರ್‌ಸ್ಪೇಸ್‌ನಲ್ಲೇ ಆದರೆ, ಬೇಡ. ಡಿಸ್ಕ್, ಪ್ಯಾಕೆಟ್ ಅಥವಾ ಪೇಜ್ ಕ್ಯಾಶ್ ನಡುವೆ ನಿಲ್ಲಬೇಕಾದ ಕೋಡ್ ನಿಮ್ಮದಾಗಿದ್ದರೆ ಮುಂದಕ್ಕೆ ಓದಿ.

ಲೈಬ್ರರಿ ಫಂಕ್ಷನ್ ಅಂತ ಒಂದಿದೆ, ಕ್ರಿಪ್ಟೋ ಎಪಿಐ ಅಂತ ಇನ್ನೊಂದಿದೆ. ಯಾವುದು ಬಳಸಲಿ?

ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಇದೇ. ಹೆಚ್ಚಿನವರು ಅರ್ಧ ಕೋಡ್ ಬರೆದ ಮೇಲೆ ಕೇಳುತ್ತಾರೆ.

ಯಾವ ಅಲ್ಗಾರಿದಮ್ ಎಂಬುದು ನೀವು ಕೋಡ್ ಬರೆಯುವಾಗಲೇ ಗೊತ್ತಿದ್ದರೆ, ಅದು ಕರ್ನಲ್‌ನ ಲಿಬ್/ಕ್ರಿಪ್ಟೋ ಡೈರೆಕ್ಟರಿಯಲ್ಲಿ ಇದ್ದರೆ, ಯೋಚಿಸದೆ ಲೈಬ್ರರಿಯನ್ನೇ ಬಳಸಿ. ಎಸ್‌ಎಚ್‌ಎ256 ಬೇಕೇ? ಅದೇ ಹೆಸರಿನ ಫಂಕ್ಷನ್‌ಗೆ ಡೇಟಾ, ಉದ್ದ, ಉತ್ತರ ಬರೆಯುವ ಜಾಗ ಕೊಡಿ, ಮುಗಿಯಿತು. ಚಾಚಾ20ಪಾಲಿ1305 ಬೇಕೇ? ಅದಕ್ಕೂ ಒಂದೇ ಕರೆ. ಅಲಾಟ್ ಮಾಡುವುದಿಲ್ಲ, ಕಾಲ್‌ಬ್ಯಾಕ್ ಇಲ್ಲ, ಸ್ಟ್ರಿಂಗ್‌ನಲ್ಲಿ ಹೆಸರು ಕೊಟ್ಟು ಹುಡುಕುವ ಗೋಜಿಲ್ಲ.

ಬಳಕೆದಾರ ಅಲ್ಗಾರಿದಮ್ ಆರಿಸುವ ಸಂದರ್ಭದಲ್ಲಿ, ಅಂದರೆ ಡಿಎಂ-ಕ್ರಿಪ್ಟ್‌ಗೋ ಐಪಿಸೆಕ್‌ಗೋ ಸೆಟ್ಟಿಂಗ್‌ನಲ್ಲಿ ಹೆಸರು ಬರೆದುಕೊಡುವಂಥ ಕಡೆ, ಪೂರ್ಣ ಎಪಿಐ ಬೇಕು. ಹೆಸರು ರನ್ ಆಗುವಾಗ ಗೊತ್ತಾಗುವುದರಿಂದ ಅಷ್ಟೆಲ್ಲ ಯಂತ್ರಾಂಗಕ್ಕೆ ಅಲ್ಲಿ ಅರ್ಥವಿದೆ.

ಈ ಎರಡು ದಾರಿ ಸುಮ್ಮನೆ ಆದದ್ದಲ್ಲ. 2018ರಲ್ಲಿ ಜೇಸನ್ ಡೊನೆನ್‌ಫೆಲ್ಡ್ ವೈರ್‌ಗಾರ್ಡ್ ಎಂಬ ವಿಪಿಎನ್‌ನ ಜೊತೆಗೆ ಝಿಂಕ್ ಎಂಬ ಸರಳ ಕ್ರಿಪ್ಟೋ ಲೈಬ್ರರಿಯನ್ನೂ ಕರ್ನಲ್‌ಗೆ ಕಳಿಸಿದರು. ಇರುವ ಎಪಿಐ ಪಕ್ಕದಲ್ಲಿ ಮತ್ತೊಂದು ಯಾಕೆ ಎಂದು ದೊಡ್ಡ ಚರ್ಚೆಯೇ ನಡೆಯಿತು. ಝಿಂಕ್ ಆ ಹೆಸರಲ್ಲಿ ಒಳಗೆ ಬರಲಿಲ್ಲ. ಆದರೆ ಅದರ ತಿರುಳು ಆರ್ಡ್ ಬೀಶೂವೆಲ್ ಅವರ ಕೆಲಸದ ಮೂಲಕ 5.5 ಆವೃತ್ತಿಯಲ್ಲಿ ಲೈಬ್ರರಿ ಫಂಕ್ಷನ್‌ಗಳಾಗಿ ಸೇರಿತು. 2020ರ ಮಾರ್ಚ್‌ನಲ್ಲಿ 5.6ರ ಜೊತೆ ವೈರ್‌ಗಾರ್ಡ್ ಕೂಡ ಬಂತು. ಈಚೆಗೆ ಎರಿಕ್ ಬಿಗ್ಗರ್ಸ್ ಒಂದೊಂದೇ ಅಲ್ಗಾರಿದಮನ್ನು ಲೈಬ್ರರಿ ಕಡೆಗೆ ತರುತ್ತಿದ್ದಾರೆ. ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಸ್ಪಷ್ಟ, ನನ್ನ ಮಟ್ಟಿಗೆ ಅದು ಸರಿಯಾದ ದಿಕ್ಕು.

ಟಿಎಫ್‌ಎಂ, ರಿಕ್ವೆಸ್ಟ್: ಎರಡಕ್ಕೂ ವ್ಯತ್ಯಾಸವೇನು?

ಟಿಎಫ್‌ಎಂ ಎಂದರೆ ಟ್ರಾನ್ಸ್‌ಫಾರ್ಮ್. ಅಲ್ಗಾರಿದಮ್ ಮತ್ತು ಕೀಲಿ ಎರಡೂ ಸೇರಿದ ವಸ್ತು. ಸಂಪರ್ಕವೊಂದು ತೆರೆದಾಗ, ಡಿಸ್ಕ್ ಮೌಂಟ್ ಆದಾಗ ಒಮ್ಮೆ ಕಟ್ಟಿ, ಮುಗಿದಾಗ ಬಿಡಬೇಕಾದದ್ದು. ರಿಕ್ವೆಸ್ಟ್ ಎಂದರೆ ಒಂದು ಸಲದ ಕೆಲಸ: ಈ ಡೇಟಾ, ಈ ಐವಿ (ಪ್ರತಿ ಸಂದೇಶಕ್ಕೂ ಬೇರೆಯಾಗಿರಬೇಕಾದ ಆರಂಭಿಕ ಮೌಲ್ಯ), ಇಷ್ಟು ಉದ್ದ, ಉತ್ತರ ಇಲ್ಲಿ ಇಡು.

ಕಮ್ಮಾರನ ಕುಲುಮೆಯನ್ನು ಪ್ರತಿ ಮೊಳೆಗೂ ಹೊಸದಾಗಿ ಕಟ್ಟುವುದಿಲ್ಲವಲ್ಲ, ಹಾಗೆ. ಪ್ರತಿ ಪ್ಯಾಕೆಟ್‌ಗೂ ಟಿಎಫ್‌ಎಂ ಅಲಾಟ್ ಮಾಡಿ ಬಿಡುವ ಕೋಡ್ ಓಡುತ್ತದೆ, ಆದರೆ ತೆವಳುತ್ತದೆ. ಅಲಾಟ್ ಮಾಡುವಾಗ ಕರ್ನಲ್ ಹೆಸರು ಹುಡುಕಬೇಕು, ಲಾಕ್ ಹಿಡಿಯಬೇಕು, ಕೆಲವೊಮ್ಮೆ ಮಾಡ್ಯೂಲನ್ನೇ ಡಿಸ್ಕ್‌ನಿಂದ ತರಬೇಕು.

ರಿಕ್ವೆಸ್ಟ್‌ನ ಗಾತ್ರ ಆರಿಸಿದ ಡ್ರೈವರ್ ಮೇಲೆ ನಿಂತಿದೆ, ಏಕೆಂದರೆ ಅದರ ಬಾಲದಲ್ಲಿ ಡ್ರೈವರ್ ತನ್ನ ಖಾಸಗಿ ಜಾಗ ಇಟ್ಟುಕೊಳ್ಳುತ್ತದೆ. ಸ್ಟ್ರಕ್ಟ್‌ನ ಸೈಜ್‌ಆಫ್ ಹಾಕಿ ಕೆಮ್ಯಾಲಾಕ್ ಮಾಡಬೇಡಿ. ಎಸ್‌ಕೆಸೈಫರ್_ರಿಕ್ವೆಸ್ಟ್_ಅಲಾಕ್ ಇರುವುದು ಅದಕ್ಕೇ.

ಒಂದೇ ಟಿಎಫ್‌ಎಂ ಅನ್ನು ಹಲವು ಥ್ರೆಡ್‌ಗಳು ಒಟ್ಟಿಗೆ ಬಳಸಬಹುದೇ?

ಬಳಸಬಹುದು, ಪ್ರತಿಯೊಬ್ಬರೂ ತಮ್ಮ ರಿಕ್ವೆಸ್ಟ್ ತಾವು ಇಟ್ಟುಕೊಂಡರೆ. ಆದರೆ ಕೆಲಸ ನಡೆಯುತ್ತಿರುವಾಗ ಯಾರೂ ಸೆಟ್‌ಕೀ ಕರೆಯಬಾರದು. ಕೀಲಿ ಬದಲಿಸಬೇಕಾದರೆ ಹೊಸ ಟಿಎಫ್‌ಎಂ ಕಟ್ಟಿ ಅದಲುಬದಲು ಮಾಡಿ.

"ಸಿಬಿಸಿ(ಎಇಎಸ್)" ಎಂಬ ಹೆಸರಲ್ಲಿ ಆವರಣ ಯಾಕೆ? ಕರ್ನಲ್ ಇದನ್ನು ಹೇಗೆ ಓದುತ್ತದೆ?

ಹೊರಗಿರುವುದು ಟೆಂಪ್ಲೇಟ್, ಒಳಗಿರುವುದು ಮೂಲ ಅಲ್ಗಾರಿದಮ್. ಸಿಬಿಸಿ ಒಂದು ವಿಧಾನ, ಎಇಎಸ್ ಒಂದು ಸೈಫರ್, ಎರಡನ್ನೂ ಕರ್ನಲ್ ರನ್ ಆಗುವಾಗ ಜೋಡಿಸಿಕೊಳ್ಳುತ್ತದೆ. ಎಚ್‌ಮ್ಯಾಕ್(ಎಸ್‌ಎಚ್‌ಎ256), ಎಕ್ಸ್‌ಟಿಎಸ್(ಎಇಎಸ್), ಜಿಸಿಎಂ(ಎಇಎಸ್) ಎಲ್ಲವೂ ಹೀಗೆಯೇ. ಆವರಣದೊಳಗೆ ಆವರಣವೂ ಬರಬಹುದು.

ಒಂದೇ ಹೆಸರಿಗೆ ಹಲವು ಡ್ರೈವರ್‌ಗಳು ನೋಂದಣಿ ಆಗಿರುತ್ತವೆ. ಕ್ಯಾಟ್ ಕಮಾಂಡ್‌ನಿಂದ /ಪ್ರಾಕ್/ಕ್ರಿಪ್ಟೋ ಫೈಲ್ ಓದಿ ನೋಡಿ. ಪ್ರತಿ ನಮೂದಿನಲ್ಲೂ ನೇಮ್, ಡ್ರೈವರ್, ಪ್ರಯಾರಿಟಿ, ಸೆಲ್ಫ್‌ಟೆಸ್ಟ್ ಎಂಬ ಸಾಲುಗಳಿವೆ. ಸಾಮಾನ್ಯ ಸಿ ಕೋಡ್‌ನ ಎಇಎಸ್‌ಗೆ ಆದ್ಯತೆ 100, ಇಂಟೆಲ್‌ನ ಎಇಎಸ್-ಎನ್‌ಐ ಸೂಚನೆಗಳನ್ನು ಬಳಸುವ ಸಿಬಿಸಿಗೆ 400 ಎಂಬಂಥ ಅಂಕಿಗಳು ಅಲ್ಲಿ ಕಾಣುತ್ತವೆ. ನೀವು ಸಾಮಾನ್ಯ ಹೆಸರು ಕೊಟ್ಟು ಕೇಳಿದರೆ ಹೆಚ್ಚು ಆದ್ಯತೆಯದ್ದು ಸಿಗುತ್ತದೆ. ಡ್ರೈವರ್ ಹೆಸರನ್ನೇ ಕೊಟ್ಟರೆ ಅದೇ ಸಿಗುತ್ತದೆ. ಪರೀಕ್ಷೆಗೆ ಇದು ಒಳ್ಳೆಯದು, ಜನರ ಕೈಗೆ ಹೋಗುವ ಕೋಡ್‌ನಲ್ಲಿ ಮಾಡಬೇಡಿ.

ಅಲಾಟ್ ಮಾಡಿದರೆ ಮೈನಸ್ 2 ಬರುತ್ತಿದೆ. ಎಇಎಸ್ ಇಲ್ಲದ ಕರ್ನಲ್ ಇದೆಯೇ?

ಮೈನಸ್ 2 ಎಂದರೆ ಇನೋಎಂಟ್, "ಆ ಹೆಸರಿನದ್ದು ಸಿಗಲಿಲ್ಲ". ಎಇಎಸ್ ಇರಬಹುದು, ಸಿಬಿಸಿ ಟೆಂಪ್ಲೇಟ್ ಕಾನ್ಫಿಗ್‌ನಲ್ಲಿ ಇಲ್ಲದಿರಬಹುದು. ನಿಮ್ಮ ಕೆಕಾನ್ಫಿಗ್‌ನಲ್ಲಿ ಎರಡನ್ನೂ ಸೆಲೆಕ್ಟ್ ಮಾಡಿ. ಎಂಬೆಡೆಡ್ ಬೋರ್ಡ್‌ಗಳ ಕರ್ನಲ್‌ನಲ್ಲಿ ಇದು ದಿನನಿತ್ಯದ ಕತೆ, ಏಕೆಂದರೆ ಅಲ್ಲಿ ಬೇಡದ್ದನ್ನೆಲ್ಲ ತೆಗೆದಿರುತ್ತಾರೆ.

ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನ ಆರಂಭದಲ್ಲಿ ಬಳಸುವ ತಾತ್ಕಾಲಿಕ ಫೈಲ್‌ಸಿಸ್ಟಮ್) ಹಂತದಲ್ಲಿ ಓಡುವ ಕೋಡ್ ಆದರೆ ಮಾಡ್ಯೂಲ್ ಫೈಲ್ ಅದರೊಳಗೆ ಇದೆಯೇ ನೋಡಿ. ಬೇಕಾದ ಮಾಡ್ಯೂಲನ್ನು ಕರ್ನಲ್ ತಾನೇ ತರಿಸಿಕೊಳ್ಳುತ್ತದೆ, ಆದರೆ "ಕ್ರಿಪ್ಟೋ-" ಎಂಬ ಮುಂಪದ ಇರುವ ಅಲಿಯಾಸ್‌ ಮೂಲಕ ಮಾತ್ರ. ಮೊದಲು ಆ ಮುಂಪದ ಇರಲಿಲ್ಲ. ಸಾಮಾನ್ಯ ಬಳಕೆದಾರನೂ ಸಾಕೆಟ್ ಮೂಲಕ ಕ್ರಿಪ್ಟೋಗೆ ಸಂಬಂಧವೇ ಇಲ್ಲದ ಯಾವುದೋ ಮಾಡ್ಯೂಲನ್ನು ಲೋಡ್ ಮಾಡಿಸಬಹುದಿತ್ತು. ಕೀಸ್ ಕುಕ್ ಅವರ ಬದಲಾವಣೆ 3.19ರಲ್ಲಿ ಆ ಬಾಗಿಲು ಮುಚ್ಚಿತು. ನೀವೇ ಅಲ್ಗಾರಿದಮ್ ನೋಂದಾಯಿಸುತ್ತಿದ್ದರೆ ಮಾಡ್ಯೂಲ್_ಅಲಿಯಾಸ್_ಕ್ರಿಪ್ಟೋ ಮ್ಯಾಕ್ರೋ ಮರೆಯಬೇಡಿ.

ಇನೋಎಂಟ್ ಬದಲು ಇಲಿಬ್‌ಬ್ಯಾಡ್ ಬಂದರೆ ಅಲ್ಗಾರಿದಮ್ ಇದೆ, ಆದರೆ ಸ್ವಪರೀಕ್ಷೆಯಲ್ಲಿ ನಪಾಸಾಗಿದೆ. ಡಿಮೆಸೇಜ್ ಕಮಾಂಡ್‌ನಿಂದ ಕರ್ನಲ್ ಲಾಗ್ ಓದಿ.

ಡೇಟಾ 16ರ ಗುಣಕದಲ್ಲಿ ಇಲ್ಲ. ಕರ್ನಲ್ ಪ್ಯಾಡಿಂಗ್ ಹಾಕಿಕೊಳ್ಳುವುದಿಲ್ಲವೇ?

ಇಲ್ಲ. ಸಿಬಿಸಿಗೆ 17 ಬೈಟ್ ಕೊಟ್ಟರೆ ಮೈನಸ್ 22 ಎಂದು ವಾಪಸ್ ಬರುತ್ತದೆ. ಪ್ಯಾಡಿಂಗ್ ನಿಮ್ಮ ಪ್ರೊಟೋಕಾಲ್‌ನ ಜವಾಬ್ದಾರಿ.

ಕ್ರಿಪ್ಟೋ_ಎಸ್‌ಕೆಸೈಫರ್_ಎನ್‌ಕ್ರಿಪ್ಟ್ ಮೈನಸ್ 115 ಕೊಡುತ್ತಿದೆ. ಇದು ಯಾವ ದೋಷ?

ಇದು ದೋಷವೇ ಅಲ್ಲ. ಇನ್‌ಪ್ರೋಗ್ರೆಸ್, ಅಂದರೆ "ಕೆಲಸ ತೆಗೆದುಕೊಂಡಿದ್ದೇನೆ, ಮುಗಿದ ಮೇಲೆ ಕರೆಯುತ್ತೇನೆ". ಈ ಪ್ರಶ್ನೆಯ ಉತ್ತರ ನನಗೆ ಗೊತ್ತಾದದ್ದು ಸುಲಭದ ದಾರಿಯಲ್ಲಲ್ಲ, ಅದನ್ನೇ ಹೇಳುತ್ತೇನೆ.

ನಾನು ಬರೆದ ಮೊದಲ ಎನ್‌ಕ್ರಿಪ್ಶನ್ ಮಾಡ್ಯೂಲ್ ನನ್ನ ಲ್ಯಾಪ್‌ಟಾಪ್‌ನಲ್ಲಿ ವಾರಗಟ್ಟಲೆ ಯಾವ ತಂಟೆಯೂ ಇಲ್ಲದೆ ಓಡಿತು. ಸೊನ್ನೆ ಬಂದರೆ ಗೆದ್ದೆ, ಇಲ್ಲದಿದ್ದರೆ ದೋಷ, ಎಲ್ಲ ಬಿಟ್ಟು ಹೊರಡು ಎಂದು ಬರೆದಿದ್ದೆ. ಅದೇ ಕೋಡನ್ನು ಕ್ರಿಪ್ಟೋ ಹಾರ್ಡ್‌ವೇರ್ ಇದ್ದ ಒಂದು ಬೋರ್ಡ್‌ಗೆ ಹಾಕಿದೆವು. ಕೆಲವು ಗಂಟೆಗಳಾದ ಮೇಲೆ ಕರ್ನಲ್ ಬಿದ್ದಿತು, ಅದೂ ನನ್ನ ಮಾಡ್ಯೂಲ್‌ನಲ್ಲಲ್ಲ, ಫೈಲ್‌ಸಿಸ್ಟಮ್ ಕೋಡ್‌ನಲ್ಲಿ. ಮರುದಿನ ಇನ್ನೊಂದು ಕಡೆ. ಮೂರು ದಿನ ನಾವು ಫೈಲ್‌ಸಿಸ್ಟಮ್ ಮೇಲೆ ಅನುಮಾನಪಡುತ್ತ ಕೂತಿದ್ದೆವು.

ಲ್ಯಾಪ್‌ಟಾಪ್‌ನಲ್ಲಿ ಎಇಎಸ್-ಎನ್‌ಐ ಡ್ರೈವರ್ ಕರೆದ ಕ್ಷಣವೇ ಕೆಲಸ ಮುಗಿಸಿ ಸೊನ್ನೆ ಕೊಡುತ್ತಿತ್ತು. ಬೋರ್ಡ್‌ನಲ್ಲಿ ಹಾರ್ಡ್‌ವೇರ್ ಡ್ರೈವರ್ ರಿಕ್ವೆಸ್ಟನ್ನು ಸಾಲಿಗೆ ಸೇರಿಸಿ ಮೈನಸ್ 115 ಕೊಡುತ್ತಿತ್ತು. ನನ್ನ ಕೋಡ್ ಅದನ್ನು ದೋಷವೆಂದುಕೊಂಡು ಬಫರನ್ನು ಕೆಫ್ರೀ ಮಾಡುತ್ತಿತ್ತು. ಹಾರ್ಡ್‌ವೇರ್ ಮಾತ್ರ ತನ್ನ ಪಾಡಿಗೆ ಡಿಎಂಎ ಮೂಲಕ, ಅಂದರೆ ಸಿಪಿಯುವನ್ನು ಬಳಸದೆ ನೇರವಾಗಿ, ಆ ಜಾಗಕ್ಕೇ ಬರೆಯುತ್ತಿತ್ತು. ಅಷ್ಟರಲ್ಲಿ ಆ ಮೆಮೊರಿ ಬೇರೆ ಯಾರ ಪಾಲಿಗೋ ಹೋಗಿರುತ್ತಿತ್ತು. ಬಿದ್ದವರು ಅವರು, ತಪ್ಪು ಮಾತ್ರ ನನ್ನದು.

ಇದಕ್ಕೆ ಮೂರು ಬಗೆಯ ಪರಿಹಾರವಿದೆ.

ನಿಮ್ಮ ಕೋಡ್ ನಿದ್ದೆ ಮಾಡಬಹುದಾದ ಜಾಗದಲ್ಲಿದ್ದರೆ ಕಾಯಿರಿ. ಡಿಕ್ಲೇರ್_ಕ್ರಿಪ್ಟೋ_ವೇಟ್ ಮ್ಯಾಕ್ರೋದಿಂದ ಒಂದು ವೇರಿಯಬಲ್ ಮಾಡಿ, ಕ್ರಿಪ್ಟೋ_ರಿಕ್_ಡನ್ ಅನ್ನು ಕಾಲ್‌ಬ್ಯಾಕ್ ಆಗಿ ಕೊಟ್ಟು, ಎನ್‌ಕ್ರಿಪ್ಟ್ ಕರೆಯನ್ನು ಕ್ರಿಪ್ಟೋ_ವೇಟ್_ರಿಕ್ ಒಳಗೆ ಸುತ್ತಿ. 4.15ರಿಂದ ಈ ಸೌಲಭ್ಯವಿದೆ. ಅದಕ್ಕೂ ಮುಂಚೆ ಪ್ರತಿ ಡ್ರೈವರ್ ತನ್ನದೇ ಕಾಯುವ ಕೋಡ್ ಬರೆದುಕೊಳ್ಳುತ್ತಿತ್ತು.

ನಿದ್ದೆ ಮಾಡಲಾಗದ, ಆದರೆ ಉತ್ತರ ಈಗಲೇ ಬೇಕಾದ ಕಡೆ ಅಸಿಂಕ್ (ಕೆಲಸ ತೆಗೆದುಕೊಂಡು ಆಮೇಲೆ ಮುಗಿಸುವ) ಡ್ರೈವರ್‌ಗಳನ್ನೇ ಬೇಡ ಎನ್ನಿ. ಅಲಾಟ್ ಮಾಡುವಾಗ ಮೂರನೆಯ ಆರ್ಗ್ಯುಮೆಂಟ್ ಮಾಸ್ಕ್. ಅಲ್ಲಿ ಕ್ರಿಪ್ಟೋ_ಆಲ್ಗ್_ಅಸಿಂಕ್ ಕೊಟ್ಟು ಎರಡನೆಯದನ್ನು ಸೊನ್ನೆ ಇಟ್ಟರೆ ಸಿಂಕ್ರೋನಸ್ ಡ್ರೈವರ್ ಮಾತ್ರ ಸಿಗುತ್ತದೆ. ಹೊಸಬರು ಇದನ್ನು ಉಲ್ಟಾ ಓದಿ, ಅಸಿಂಕ್ ಬೇಕೆಂದು ಕೇಳುವುದೇ ಹೀಗೆ ಅಂದುಕೊಳ್ಳುತ್ತಾರೆ. ಮಾಸ್ಕ್ ಹೇಳುವುದು "ಈ ಬಿಟ್ ಪರೀಕ್ಷಿಸು", ಟೈಪ್ ಹೇಳುವುದು "ಅದು ಹೀಗಿರಬೇಕು". ಪರೀಕ್ಷಿಸು, ಸೊನ್ನೆ ಇರಲಿ: ಇದು ಇಡೀ ವಾಕ್ಯ. ಈ ತಲೆನೋವೇ ಬೇಡವೆಂದರೆ ಕ್ರಿಪ್ಟೋ_ಅಲಾಕ್_ಸಿಂಕ್_ಎಸ್‌ಕೆಸೈಫರ್ ಇದೆ.

ಮೂರನೆಯದು ಪೂರ್ಣ ಅಸಿಂಕ್: ನಿಮ್ಮ ಕಾಲ್‌ಬ್ಯಾಕ್ ನೀವೇ ಬರೆಯುವುದು, ಅದು ಬರುವವರೆಗೆ ಬಫರ್, ಐವಿ, ರಿಕ್ವೆಸ್ಟ್ ಯಾವುದನ್ನೂ ಮುಟ್ಟದಿರುವುದು. ಇಲ್ಲಿ ಮೈನಸ್ 16, ಅಂದರೆ ಇಬಿಸಿ ಕೂಡ ಬರುತ್ತದೆ. ಮೇ_ಬ್ಯಾಕ್‌ಲಾಗ್ ಫ್ಲ್ಯಾಗ್ ಕೊಟ್ಟಿದ್ದರೆ ಅದರ ಅರ್ಥ "ಸಾಲು ತುಂಬಿದೆ, ಆದರೂ ನಿನ್ನದನ್ನು ಇಟ್ಟುಕೊಂಡಿದ್ದೇನೆ, ಸದ್ಯ ಹೊಸದು ಕಳಿಸಬೇಡ". ಆಗ ಕಾಲ್‌ಬ್ಯಾಕ್ ಎರಡು ಸಲ ಬರುತ್ತದೆ, ಮೊದಲು ಇನ್‌ಪ್ರೋಗ್ರೆಸ್ ಎಂಬ ಸ್ಥಿತಿಯೊಂದಿಗೆ, ಆಮೇಲೆ ನಿಜವಾದ ಫಲಿತಾಂಶದೊಂದಿಗೆ. ಮೊದಲ ಸಲವೇ ಬಫರ್ ಬಿಟ್ಟರೆ ನನ್ನ ಕತೆ ನಿಮ್ಮದಾಗುತ್ತದೆ.

ಕೀಲಿಯನ್ನೋ ಸಣ್ಣ ಬಫರನ್ನೋ ಸ್ಟ್ಯಾಕ್ ಮೇಲೆ ಇಟ್ಟು ಸ್ಕ್ಯಾಟರ್‌ಲಿಸ್ಟ್‌ಗೆ ಕೊಡಬಹುದೇ?

ಸ್ಟ್ಯಾಕ್ ಮೇಲಿರುವ ಕೀಲಿಯನ್ನು ಸೆಟ್‌ಕೀಗೆ ಕೊಡಬಹುದು, ಅದು ಸಾದಾ ಪಾಯಿಂಟರ್. ಆದರೆ ಸ್ಕ್ಯಾಟರ್‌ಲಿಸ್ಟ್‌ಗೆ ಸ್ಟ್ಯಾಕ್‌ನ ವಿಳಾಸ ಕೊಡಲೇಬೇಡಿ.

ಸ್ಕ್ಯಾಟರ್‌ಲಿಸ್ಟ್ ಹೇಳುವುದು ವರ್ಚುವಲ್ ವಿಳಾಸದ ಭಾಷೆಯಲ್ಲಿ ಅಲ್ಲ. ಯಾವ ಭೌತಿಕ ಪೇಜ್, ಅದರೊಳಗೆ ಎಷ್ಟು ಬೈಟ್ ದೂರ, ಎಷ್ಟು ಉದ್ದ ಎಂದು ಹೇಳುತ್ತದೆ. ಎಸ್‌ಜಿ_ಇನಿಟ್_ಒನ್‌ಗೆ ನೀವು ಪಾಯಿಂಟರ್ ಕೊಟ್ಟಾಗ ಅದು ಸರಳ ಲೆಕ್ಕ ಹಾಕಿ ಪೇಜ್ ಕಂಡುಹಿಡಿಯುತ್ತದೆ. ಆ ಲೆಕ್ಕ ಸರಿಯಾಗುವುದು ಕೆಮ್ಯಾಲಾಕ್‌ನಂಥ ನೇರ ಮ್ಯಾಪಿಂಗ್‌ನ ಮೆಮೊರಿಗೆ ಮಾತ್ರ. ವಿಮ್ಯಾಲಾಕ್ ಮೆಮೊರಿಯಲ್ಲಿ ಅಕ್ಕಪಕ್ಕದ ಪೇಜ್‌ಗಳು ಭೌತಿಕವಾಗಿ ಎಲ್ಲೆಲ್ಲೋ ಇರುತ್ತವೆ, ಆ ಲೆಕ್ಕ ಸುಳ್ಳು ಉತ್ತರ ಕೊಡುತ್ತದೆ.

ಹಿಂದೆ ಸ್ಟ್ಯಾಕ್ ಕೂಡ ನೇರ ಮ್ಯಾಪಿಂಗ್‌ನಲ್ಲೇ ಇತ್ತು, ಹಾಗಾಗಿ ತಪ್ಪು ಕೋಡ್ ನಡೆದುಹೋಗುತ್ತಿತ್ತು. 2016ರ ಕೊನೆಯಲ್ಲಿ 4.9ರೊಂದಿಗೆ ಕಾನ್ಫಿಗ್_ವಿಮ್ಯಾಪ್_ಸ್ಟ್ಯಾಕ್ ಬಂತು. ಸ್ಟ್ಯಾಕ್ ತುಂಬಿ ಹರಿದರೆ ಪಕ್ಕದ ಮೆಮೊರಿ ಸದ್ದಿಲ್ಲದೆ ಹಾಳಾಗುವ ಬದಲು ತಕ್ಷಣ ಸಿಕ್ಕಿಬೀಳಲಿ ಎಂದು ಸ್ಟ್ಯಾಕನ್ನು ವಿಮ್ಯಾಲಾಕ್ ಪ್ರದೇಶಕ್ಕೆ ಸಾಗಿಸಿದರು. ಬಹಳ ಒಳ್ಳೆಯ ಬದಲಾವಣೆ. ಆದರೆ ಸ್ಟ್ಯಾಕ್ ವಿಳಾಸವನ್ನು ಸ್ಕ್ಯಾಟರ್‌ಲಿಸ್ಟ್‌ಗೆ ಕೊಡುತ್ತಿದ್ದ ಕೋಡ್ ಕರ್ನಲ್‌ನ ಹಲವು ಮೂಲೆಗಳಲ್ಲಿ ಒಂದರ ಹಿಂದೊಂದು ಮುರಿದುಬಿತ್ತು.

ಐವಿ ವಿಷಯದಲ್ಲೂ ಹುಷಾರು. ಅದನ್ನು ಪಾಯಿಂಟರ್ ಆಗಿಯೇ ಕೊಡುತ್ತೀರಿ, ಆದರೆ ಹಾರ್ಡ್‌ವೇರ್ ಡ್ರೈವರ್ ಅದನ್ನು ಡಿಎಂಎಗೆ ಮ್ಯಾಪ್ ಮಾಡಬಹುದು. ನಾನು ಐವಿಯನ್ನೂ ಕೆಮ್ಯಾಲಾಕ್ ಮಾಡಿದ ಸ್ಟ್ರಕ್ಟ್‌ನೊಳಗೇ ಇಡುತ್ತೇನೆ.

ಒಂದೇ ಐವಿ ಕೊಟ್ಟರೂ ಎರಡನೆಯ ಸಲ ಬೇರೆ ಉತ್ತರ ಬರುತ್ತಿದೆ!

ನೀವು ಕೊಟ್ಟ ಐವಿ ಬಫರ್ ಬದಲಾಗಿದೆ. ಸಿಬಿಸಿಯಲ್ಲಿ ಕರೆ ಮುಗಿದ ಮೇಲೆ ಆ ಜಾಗದಲ್ಲಿ ಕೊನೆಯ ಸೈಫರ್‌ಟೆಕ್ಸ್ಟ್ ಬ್ಲಾಕ್ ಇರುತ್ತದೆ, ಮುಂದಿನ ತುಂಡನ್ನು ಅದರಿಂದಲೇ ಮುಂದುವರಿಸಲಿ ಎಂದು. ಹಾಗಾಗಿ ಕಾನ್ಸ್ಟ್ ಮೆಮೊರಿಯಲ್ಲಿರುವ ಐವಿ ಕೊಡಬಾರದು, ಪ್ರತಿ ಸಂದೇಶಕ್ಕೂ ಹೊಸದಾಗಿ ತುಂಬಬೇಕು.

ಮತ್ತು ಇದಕ್ಕಿಂತ ದೊಡ್ಡ ಮಾತು: ಒಂದೇ ಕೀಲಿಯ ಜೊತೆ ಒಂದೇ ಐವಿ ಎರಡು ಸಲ ಯಾಕೆ ಕೊಡುತ್ತಿದ್ದೀರಿ? ಪರೀಕ್ಷೆಗಾದರೆ ಸರಿ. ಜಿಸಿಎಂನಲ್ಲಿ ನಾನ್ಸ್ (ಒಂದು ಕೀಲಿಯ ಜೊತೆ ಒಮ್ಮೆ ಮಾತ್ರ ಬಳಸಬೇಕಾದ ಸಂಖ್ಯೆ) ಮರುಕಳಿಸಿದರೆ ಎರಡು ಸಂದೇಶಗಳ ಎಕ್ಸ್‌ಆರ್ ಹೊರಬೀಳುತ್ತದೆ, ಅಷ್ಟೇ ಅಲ್ಲ, ನಕಲಿ ಟ್ಯಾಗ್ (ಸಂದೇಶವನ್ನು ಯಾರೂ ತಿದ್ದಿಲ್ಲವೆಂದು ತೋರಿಸುವ ಗುರುತು) ಮಾಡುವ ದಾರಿಯೂ ತೆರೆಯುತ್ತದೆ. 2017ರಲ್ಲಿ ಮ್ಯಾಥಿ ವಾನ್‌ಹೂಫ್ ಬಯಲು ಮಾಡಿದ ಕ್ರ್ಯಾಕ್ ದಾಳಿಯಲ್ಲಿ ವೈಫೈ ಸೈಫರ್ ಮುರಿದಿರಲಿಲ್ಲ. ಅದೇ ಕೀಲಿಯನ್ನು ಮತ್ತೆ ಕೂರಿಸುವಂತೆ ಮಾಡಿದಾಗ ನಾನ್ಸ್ ಎಣಿಕೆ ಮೊದಲಿಗೆ ಮರಳುತ್ತಿತ್ತು, ಅಷ್ಟೇ ಸಾಕಾಯಿತು. ಎಣಿಕೆಯನ್ನು ಕೀಲಿಯ ಪಕ್ಕದಲ್ಲೇ ಒಂದೇ ಸ್ಟ್ರಕ್ಟ್‌ನಲ್ಲಿ ಇಡಿ. ಹೊಸ ಕೀಲಿ ಬಂದಾಗ ಮಾತ್ರ ಅದು ಸೊನ್ನೆಯಾಗಲಿ.

ಎಇಎಡಿಯಲ್ಲಿ ಟ್ಯಾಗ್ ಎಲ್ಲಿಗೆ ಹೋಗುತ್ತದೆ? ಉದ್ದ ಎಷ್ಟು ಕೊಡಬೇಕು?

ಎಇಎಡಿ ಎಂದರೆ ಎನ್‌ಕ್ರಿಪ್ಟ್ ಮಾಡುವುದರ ಜೊತೆಗೇ ಟ್ಯಾಗ್ ಕೂಡ ಕೊಡುವ ಜಿಸಿಎಂನಂಥ ವಿಧಾನ. ಯೂಸರ್‌ಸ್ಪೇಸ್ ಲೈಬ್ರರಿಗಳಲ್ಲಿ ಟ್ಯಾಗ್‌ಗೆ ಬೇರೆ ಬಫರ್ ಕೊಟ್ಟು ಅಭ್ಯಾಸವಾದವರು ಇಲ್ಲಿ ಎಡವುತ್ತಾರೆ. ಕರ್ನಲ್‌ನಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ಇರುತ್ತದೆ. ಎನ್‌ಕ್ರಿಪ್ಟ್ ಮಾಡುವಾಗ ಮೂಲದಲ್ಲಿ ಮೊದಲು ಸಹಡೇಟಾ (ಎನ್‌ಕ್ರಿಪ್ಟ್ ಆಗದ, ಆದರೆ ಟ್ಯಾಗ್‌ನ ಕಾವಲಿರುವ ಭಾಗ), ಅದರ ಹಿಂದೆ ಸಂದೇಶ. ಗುರಿಯಲ್ಲಿ ಸಹಡೇಟಾದ ಜಾಗ, ಅದರ ಹಿಂದೆ ಸೈಫರ್‌ಟೆಕ್ಸ್ಟ್, ಕೊನೆಗೆ ಟ್ಯಾಗ್. ಸಹಡೇಟಾದ ಉದ್ದವನ್ನು ಎಇಎಡಿ_ರಿಕ್ವೆಸ್ಟ್_ಸೆಟ್_ಎಡಿಯಲ್ಲಿ ಕೊಡಿ. ಕ್ರಿಪ್ಟ್‌ಲೆನ್‌ನಲ್ಲಿ ಅದು ಸೇರುವುದಿಲ್ಲ. ಆದರೆ ಡಿಕ್ರಿಪ್ಟ್ ಮಾಡುವಾಗ ಕ್ರಿಪ್ಟ್‌ಲೆನ್‌ನಲ್ಲಿ ಟ್ಯಾಗ್‌ನ ಉದ್ದ ಸೇರಿರಬೇಕು. ಇದನ್ನು ಮರೆತರೆ ಎಲ್ಲ ಸರಿಯಿದ್ದೂ ಮೈನಸ್ 74 ಬರುತ್ತಲೇ ಇರುತ್ತದೆ.

ಮೈನಸ್ 74, ಇಬ್ಯಾಡ್‌ಎಂಎಸ್‌ಜಿ, ಎಂದರೆ ಟ್ಯಾಗ್ ಹೊಂದಲಿಲ್ಲ. ಆಗ ಗುರಿಯ ಬಫರ್‌ನಲ್ಲಿ ಏನೇ ಇದ್ದರೂ ಅದನ್ನು ನೋಡಬೇಡಿ, ಲಾಗ್ ಮಾಡಬೇಡಿ, ಮೇಲಕ್ಕೆ ಕಳಿಸಬೇಡಿ.

ಐಪಿಸೆಕ್‌ಗಾಗಿ ಇರುವ ಆರ್‌ಎಫ್‌ಸಿ4106(ಜಿಸಿಎಂ(ಎಇಎಸ್)) ಬಳಸುವವರಿಗೆ: ಅದರ ಕೀಲಿ 16 ಅಲ್ಲ, 20 ಬೈಟ್. ಕೊನೆಯ 4 ಬೈಟ್ ಸಾಲ್ಟ್, ಐವಿ 8 ಬೈಟ್. ಎರಡೂ ಸೇರಿ ಜಿಸಿಎಂನ 12 ಬೈಟ್ ನಾನ್ಸ್ ಆಗುತ್ತದೆ.

ಸ್ಪಿನ್‌ಲಾಕ್ ಹಿಡಿದಿರುವಾಗ ಎನ್‌ಕ್ರಿಪ್ಟ್ ಕರೆಯಬಹುದೇ?

ಸಿಂಕ್ರೋನಸ್ ಟಿಎಫ್‌ಎಂ ಆದರೆ, ಮೇ_ಸ್ಲೀಪ್ ಫ್ಲ್ಯಾಗ್ ಕೊಡದಿದ್ದರೆ, ರಿಕ್ವೆಸ್ಟನ್ನು ಜಿಎಫ್‌ಪಿ_ಅಟಾಮಿಕ್‌ನಿಂದ ಅಥವಾ ಮೊದಲೇ ಅಲಾಟ್ ಮಾಡಿಟ್ಟಿದ್ದರೆ, ಕರೆಯಬಹುದು. ಟಿಎಫ್‌ಎಂ ಅಲಾಟ್ ಮಾತ್ರ ಎಂದಿಗೂ ಅಲ್ಲಿ ಬೇಡ. ಸೆಟ್‌ಕೀ ಕೂಡ ನಿದ್ದೆ ಮಾಡಬಹುದಾದ ಕಡೆಯೇ ಇರಲಿ.

ಹ್ಯಾಶ್‌ಗೆ ಎಸ್‌ಹ್ಯಾಶ್ ಬೇಕೇ, ಎಹ್ಯಾಶ್ ಬೇಕೇ?

ಲೈಬ್ರರಿ ಫಂಕ್ಷನ್ ಸಾಲದಿದ್ದರೆ ಎಸ್‌ಹ್ಯಾಶ್. ಅದು ಸಾದಾ ಪಾಯಿಂಟರ್ ತೆಗೆದುಕೊಳ್ಳುತ್ತದೆ, ಕರೆದಾಗಲೇ ಮುಗಿಸುತ್ತದೆ. ಎಹ್ಯಾಶ್ ಅದರ ಅಸಿಂಕ್ ರೂಪ.

ಎಇಎಸ್-ಎನ್‌ಐ ಸೂಚನೆಗಳನ್ನು ನನ್ನ ಮಾಡ್ಯೂಲ್‌ನಲ್ಲಿ ನೇರವಾಗಿ ಬರೆಯಬಹುದೇ?

ಬೇಡ. ಆ ವೆಕ್ಟರ್ ರಿಜಿಸ್ಟರ್‌ಗಳಲ್ಲಿ ಈಗ ಯಾವುದೋ ಯೂಸರ್ ಪ್ರೋಗ್ರಾಮ್‌ನ ಅಂಕಿಗಳು ಕುಳಿತಿವೆ. ಕರ್ನಲ್_ಎಫ್‌ಪಿಯು_ಬಿಗಿನ್ ಮತ್ತು ಎಂಡ್ ನಡುವೆ ಮಾತ್ರ ಅವನ್ನು ಮುಟ್ಟಬಹುದು, ಆ ಹೊತ್ತು ನಿದ್ದೆ ಮಾಡುವಂತಿಲ್ಲ. ಈ ಎಚ್ಚರವನ್ನೆಲ್ಲ ಎಪಿಐ ಒಳಗಿನ ಡ್ರೈವರ್‌ಗಳು ಈಗಾಗಲೇ ವಹಿಸಿವೆ.

ಕ್ರಿಪ್ಟೋ ಹಾರ್ಡ್‌ವೇರ್ ಇದ್ದರೆ ವೇಗ ಹೆಚ್ಚುವುದು ಖಚಿತವೇ?

ಖಚಿತವಲ್ಲ, ಎಷ್ಟೋ ಸಲ ಉಲ್ಟಾ. ಸಿಪಿಯುವಿನಿಂದ ಹೊರಗಿರುವ ಘಟಕಕ್ಕೆ ಕೆಲಸ ಕಳಿಸಬೇಕಾದರೆ ಡಿಎಂಎ ಮ್ಯಾಪ್ ಮಾಡಬೇಕು, ಸಾಲಿಗೆ ಹಾಕಬೇಕು, ಇಂಟರಪ್ಟ್‌ಗೆ ಕಾಯಬೇಕು. 4 ಕಿಲೋಬೈಟ್‌ನ ಒಂದು ತುಂಡಿಗೆ ಈ ಓಡಾಟವೇ ಎನ್‌ಕ್ರಿಪ್ಶನ್‌ಗಿಂತ ದುಬಾರಿ. ಆದರೆ ಆದ್ಯತೆಯ ಅಂಕಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ: ಎನ್‌ಎಕ್ಸ್‌ಪಿಯ ಕಾಮ್ ಡ್ರೈವರ್ 3000 ಎಂದು ನೋಂದಾಯಿಸಿಕೊಳ್ಳುತ್ತದೆ, ಹಾಗಾಗಿ ಸಿಪಿಯುವೇ ಬೇಗ ಮುಗಿಸುವ ಕೆಲಸವೂ ಅದರ ಪಾಲಿಗೆ ಹೋಗುತ್ತದೆ. 2025ರಲ್ಲಿ ಎಫ್‌ಎಸ್‌ಕ್ರಿಪ್ಟ್ ಇಂಥ ಆಫ್‌ಲೋಡ್ ಡ್ರೈವರ್‌ಗಳನ್ನು ಬಳಸುವುದನ್ನೇ ನಿಲ್ಲಿಸಿತು. ನೀವು ಅಳೆದು ನೋಡಿ, ನಿಮ್ಮ ಬೋರ್ಡ್‌ನಲ್ಲಿ, ನಿಮ್ಮ ತುಂಡಿನ ಗಾತ್ರದಲ್ಲಿ.

ಡಿಎಂ-ಕ್ರಿಪ್ಟ್‌ನಲ್ಲೂ ಇದೇ ಪಾಠ ಬೇರೆ ರೂಪದಲ್ಲಿ ಕಂಡಿತ್ತು. ನಿಧಾನಕ್ಕೆ ಕಾರಣ ಎಇಎಸ್ ಆಗಿರಲಿಲ್ಲ, ಒಂದು ವರ್ಕ್‌ಕ್ಯೂನಿಂದ ಇನ್ನೊಂದಕ್ಕೆ ದಾಟುವ ಓಡಾಟವಾಗಿತ್ತು. ಕ್ಲೌಡ್‌ಫ್ಲೇರ್‌ನವರು 2020ರಲ್ಲಿ ಅದನ್ನು ಅಳೆದು ತೋರಿಸಿದರು, 5.9ರಲ್ಲಿ ಆ ಕ್ಯೂಗಳನ್ನು ಬಿಟ್ಟುಹೋಗುವ ಆಯ್ಕೆಗಳು ಬಂದವು.

ಎಇಎಸ್ ಸೂಚನೆಗಳೇ ಇಲ್ಲದ ಅಗ್ಗದ ಚಿಪ್‌ಗೆ ಏನು ಮಾಡಲಿ?

ಅಡಿಯಾಂಟಮ್ ನೋಡಿ. ಇದರ ಹಿಂದೆ ಒಂದು ಕತೆಯಿದೆ. ಅಗ್ಗದ ಆಂಡ್ರಾಯ್ಡ್ ಫೋನ್‌ಗಳಿಗಾಗಿ ಗೂಗಲ್ ಮೊದಲು ಸ್ಪೆಕ್ ಎಂಬ ಸೈಫರ್ ಬಳಸಲು ಹೊರಟಿತ್ತು, 2018ರಲ್ಲಿ 4.17ಕ್ಕೆ ಅದು ಸೇರಿತ್ತು ಕೂಡ. ಅದನ್ನು ರಚಿಸಿದ್ದು ಅಮೆರಿಕದ ಎನ್‌ಎಸ್‌ಎ. ಹಲವರಿಗೆ ನಂಬಿಕೆ ಬರಲಿಲ್ಲ. ಗೂಗಲ್ ಯೋಜನೆ ಕೈಬಿಟ್ಟಿತು, ಬಳಸುವವರಿಲ್ಲದ ಸ್ಪೆಕ್ 4.20ರಲ್ಲಿ ಹೊರಬಿತ್ತು. ಅದರ ಬದಲಿಗೆ ಪಾಲ್ ಕ್ರೌಲಿ ಮತ್ತು ಎರಿಕ್ ಬಿಗ್ಗರ್ಸ್ ಚಾಚಾ ಆಧಾರದ ಮೇಲೆ ಅಡಿಯಾಂಟಮ್ ಕಟ್ಟಿದರು, 5.0ರಲ್ಲಿ ಅದು ಬಂತು. ಎಆರ್‌ಎಂ ಕಾರ್ಟೆಕ್ಸ್-ಎ7ನಲ್ಲಿ ಇದು ಎಇಎಸ್-256-ಎಕ್ಸ್‌ಟಿಎಸ್‌ಗಿಂತ ಸುಮಾರು 5 ಪಟ್ಟು ವೇಗ. ಕಡಿಮೆ ಬೆಲೆಯ ಫೋನ್ ಹಿಡಿದವರ ಫೋಟೊ, ಸಂದೇಶಗಳಿಗೂ ದುಬಾರಿ ಫೋನ್‌ನಷ್ಟೇ ಕಾವಲು ಸಿಗಬೇಕೆಂಬ ಹಟದಿಂದ ಹುಟ್ಟಿದ ಕೆಲಸ ಇದು. ನನಗೆ ತುಂಬ ಇಷ್ಟ.

ಕೀಲಿಯನ್ನು ಅಳಿಸುವುದು, ಟ್ಯಾಗ್ ಹೋಲಿಸುವುದು: ಮೆಮ್‌ಸೆಟ್, ಮೆಮ್‌ಕಂಪ್ ಸಾಲದೇ?

ಸಾಲದು. ಬಫರನ್ನು ಆಮೇಲೆ ಯಾರೂ ಓದುವುದಿಲ್ಲ ಎಂದು ಕಂಡರೆ ಕಂಪೈಲರ್ ನಿಮ್ಮ ಮೆಮ್‌ಸೆಟ್ ಅನ್ನೇ ತೆಗೆದುಹಾಕಬಹುದು. ಮೆಮ್‌ಜೀರೋ_ಎಕ್ಸ್‌ಪ್ಲಿಸಿಟ್ ಬಳಸಿ. ಹೀಪ್‌ನಲ್ಲಿದ್ದರೆ ಕೆಫ್ರೀ_ಸೆನ್ಸಿಟಿವ್, ಹಳೆಯ ಕೋಡ್‌ನಲ್ಲಿ ಕಾಣುವ ಕೆಝಡ್‌ಫ್ರೀ ಇದರದ್ದೇ ಹಿಂದಿನ ಹೆಸರು. ಹೋಲಿಕೆಗೆ ಕ್ರಿಪ್ಟೋ_ಮೆಮ್‌ನೆಕ್. ಮೆಮ್‌ಕಂಪ್ ಮೊದಲ ವ್ಯತ್ಯಾಸಕ್ಕೇ ನಿಲ್ಲಬಹುದು, ಎಷ್ಟು ಹೊತ್ತಾಯಿತೆಂದು ಅಳೆಯುವವನಿಗೆ ಎಷ್ಟು ಬೈಟ್ ಸರಿಯಿತ್ತೆಂದು ಗೊತ್ತಾಗುತ್ತದೆ.

ಯಾದೃಚ್ಛಿಕ ಕೀಲಿ ಎಲ್ಲಿಂದ ತರಲಿ?

ಗೆಟ್_ರ್‍ಯಾಂಡಮ್_ಬೈಟ್ಸ್. ಬೂಟ್ ಆಗುತ್ತಿರುವಾಗಲೇ ದೀರ್ಘಕಾಲದ ಕೀಲಿ ಮಾಡುವುದಾದರೆ ಮೊದಲು ವೇಟ್_ಫಾರ್_ರ್‍ಯಾಂಡಮ್_ಬೈಟ್ಸ್ ಕರೆದು ಅದರ ಉತ್ತರ ನೋಡಿ.

ಎಫ್‌ಐಪಿಎಸ್ ಮೋಡ್‌ನಲ್ಲಿ ನನ್ನ ಕೋಡ್ ನಿಂತುಹೋಯಿತು.

ಎಫ್‌ಐಪಿಎಸ್ ಎಂದರೆ ಅಮೆರಿಕ ಸರ್ಕಾರದ ಮಾನದಂಡ. ಬೂಟ್ ಸಾಲಿನಲ್ಲಿ ಫಿಪ್ಸ್=1 ಇದ್ದರೆ ಅನುಮತಿಯ ಗುರುತಿಲ್ಲದ ಅಲ್ಗಾರಿದಮ್‌ಗಳು ಎಪಿಐಯಲ್ಲಿ ಸಿಗುವುದಿಲ್ಲ, ಸ್ವಪರೀಕ್ಷೆ ತಪ್ಪಿದರೆ ಕರ್ನಲ್ ಪ್ಯಾನಿಕ್ ಆಗುತ್ತದೆ. ಎಕ್ಸ್‌ಟಿಎಸ್ ಕೀಲಿಯ ಎರಡು ಅರ್ಧಗಳು ಒಂದೇ ಆಗಿದ್ದರೂ ತಿರಸ್ಕರಿಸುತ್ತದೆ. ಪರೀಕ್ಷೆಗೆಂದು ಸೊನ್ನೆ ತುಂಬಿದ ಕೀಲಿ ಕೊಟ್ಟವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಯೂಸರ್‌ಸ್ಪೇಸ್‌ನಿಂದ ಕರ್ನಲ್‌ನ ಕ್ರಿಪ್ಟೋ ಬಳಸಬಹುದೇ?

2011ರಲ್ಲಿ ಬಂದ 2.6.38ರಿಂದ ಎಎಫ್_ಆಲ್ಗ್ ಎಂಬ ಸಾಕೆಟ್ ಇದೆ. ಕ್ರಿಪ್ಟ್‌ಸೆಟಪ್‌ನ ಬೆಂಚ್‌ಮಾರ್ಕ್ ಸೈಫರ್‌ಗಳನ್ನು ಅಳೆಯುವುದು ಇದರ ಮೂಲಕವೇ. ಹೊಸ ಅಪ್ಲಿಕೇಶನ್‌ಗೆ ನಾನು ಇದನ್ನು ಸೂಚಿಸುವುದಿಲ್ಲ. ಅದೇ ಸಿಪಿಯು ಸೂಚನೆಗಳು ಯೂಸರ್‌ಸ್ಪೇಸ್‌ನಲ್ಲೂ ಸಿಗುತ್ತವೆ, ಸಿಸ್ಟಮ್ ಕಾಲ್‌ನ ಖರ್ಚಿಲ್ಲದೆ.

ನಮ್ಮ ಮಾಡ್ಯೂಲ್ ಜಿಪಿಎಲ್ ಅಲ್ಲ. ತೊಂದರೆಯಿದೆಯೇ?

ಇದೆ. ಈ ಎಪಿಐನ ಫಂಕ್ಷನ್‌ಗಳನ್ನು ಜಿಪಿಎಲ್ ಮಾಡ್ಯೂಲ್‌ಗಳಿಗೆ ಮಾತ್ರ ಎಂದು ಎಕ್ಸ್‌ಪೋರ್ಟ್ ಮಾಡಲಾಗಿದೆ. ಲೈಸೆನ್ಸ್ ಸಾಲಿನಲ್ಲಿ ಸುಳ್ಳು ಬರೆದು ದಾಟುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ.

ಕೊನೆಯದಾಗಿ, ನನ್ನ ಕೋಡ್ ಬೇರೆ ಯಂತ್ರದಲ್ಲೂ ಓಡುತ್ತದೆ ಎಂದು ಹೇಗೆ ನೋಡಲಿ? ಆ ಹಾರ್ಡ್‌ವೇರ್ ನನ್ನ ಬಳಿ ಇಲ್ಲ.

ಹಾರ್ಡ್‌ವೇರ್ ಬೇಕಾಗಿಲ್ಲ. ಕ್ರಿಪ್ಟ್‌ಡಿ ಎಂಬ ಟೆಂಪ್ಲೇಟ್ ಇದೆ. ಅದು ಯಾವುದೇ ಸಿಂಕ್ರೋನಸ್ ಅಲ್ಗಾರಿದಮನ್ನು ವರ್ಕ್‌ಕ್ಯೂಗೆ ಹಾಕಿ ಅಸಿಂಕ್ ಮಾಡಿಬಿಡುತ್ತದೆ. ಪರೀಕ್ಷೆಯ ಬಿಲ್ಡ್‌ನಲ್ಲಿ ಸಿಬಿಸಿ(ಎಇಎಸ್) ಬದಲು ಕ್ರಿಪ್ಟ್‌ಡಿ(ಸಿಬಿಸಿ(ಎಇಎಸ್)) ಎಂದು ಹೆಸರು ಕೊಟ್ಟು ಅಲಾಟ್ ಮಾಡಿ. ಮೈನಸ್ 115 ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಬರಲು ಶುರುವಾಗುತ್ತದೆ.

ಅದರ ಜೊತೆಗೆ ಕಾನ್ಫಿಗ್‌ನಲ್ಲಿ ಕಾಸಾನ್ ಆನ್ ಮಾಡಿ, ಬಿಟ್ಟ ಬಫರನ್ನು ಮುಟ್ಟಿದರೆ ಆ ಕ್ಷಣವೇ ಕೂಗುತ್ತದೆ. ಡೀಬಗ್_ಎಸ್‌ಜಿ ಆನ್ ಮಾಡಿ, ಸ್ಟ್ಯಾಕ್ ವಿಳಾಸ ಸ್ಕ್ಯಾಟರ್‌ಲಿಸ್ಟ್‌ಗೆ ಹೋದರೆ ಹಿಡಿಯುತ್ತದೆ. ಡೀಬಗ್_ಅಟಾಮಿಕ್_ಸ್ಲೀಪ್ ಆನ್ ಮಾಡಿ, ಲಾಕ್ ಹಿಡಿದು ಮಲಗಿದರೆ ಹೇಳುತ್ತದೆ. ಆ ಬೋರ್ಡ್‌ನ ಮುಂದೆ ನಾವು ಕಳೆದ ಮೂರು ದಿನದ ಬಗ್ ಅನ್ನು ಇದೇ ಕ್ರಮದಲ್ಲಿ ಆಮೇಲೊಮ್ಮೆ ಲ್ಯಾಪ್‌ಟಾಪ್‌ನಲ್ಲಿ ಮರುಸೃಷ್ಟಿಸಿ ನೋಡಿದೆ. ಕಾಸಾನ್ ವರದಿ ಮೊದಲ ನಿಮಿಷದಲ್ಲೇ ಬಂತು, ನಾನು ಬರೆದ ಕೆಫ್ರೀ ಸಾಲಿನ ನಂಬರ್ ಸಮೇತ.